ಗೋಡೆಯಾಚೆಯ ಸಲಾಮಿಸ್ ಕದನ

ನಾನು ಲೆಕ್ಕದ ಮೇಷ್ಟ್ರು. ನನ್ನ ಹೆಂಡತಿ ಅದೇ ಶಾಲೆಯಲ್ಲಿ ಚರಿತ್ರೆ ಹೇಳಿಕೊಡುತ್ತಾಳೆ. ನಮ್ಮಿಬ್ಬರ ತರಗತಿಗಳ ನಡುವೆ ಇರುವುದು ಒಂದೇ ಗೋಡೆ, ಅದೂ ಹೆಸರಿಗೆ ಮಾತ್ರ. ಎಷ್ಟೋ ವರ್ಷ ನಾನು ಈ ಕಡೆ ಬೀಜಗಣಿತ ಬರೆಯುತ್ತಿದ್ದರೆ ಆ ಕಡೆಯಿಂದ ಪರ್ಷಿಯಾದ ಸೈನ್ಯ ಬಂದು ನನ್ನ ಕರಿಹಲಗೆಗೆ ಗುದ್ದುತ್ತಿತ್ತು. ನನ್ನ ತರಗತಿಯ ಮಕ್ಕಳು ಎಕ್ಸ್ ಬೆಲೆ ಎಷ್ಟೆಂದು ತಪ್ಪು ಹೇಳಿದರೂ ಹೇಳಿಯಾರು, ಗ್ರೀಕರು ಯಾವ ಕಡಲ ಕದನದಲ್ಲಿ ಗೆದ್ದರು ಎಂಬುದನ್ನು ಮಾತ್ರ ತಪ್ಪುತ್ತಿರಲಿಲ್ಲ.

ಅವಳ ಗಂಟಲು ಅಂಥದು. ಮಕ್ಕಳು ಇಟ್ಟ ಹೆಸರು ಮೈಕ್ ಮಿಸ್. ಅದು ಅವಳಿಗೂ ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು.

ಪಾಠದ ಕ್ರಮವೂ ಅವಳದೇ. ಮೊದಲು ಎಲ್ಲರ ಪುಸ್ತಕ ಮುಚ್ಚಿಸುತ್ತಿದ್ದಳು. ಆಮೇಲೆ ಎರಡು ಕಬ್ಬಿಣದ ಬೀರುಗಳನ್ನು ದರದರ ಎಳೆಸಿ, ನಡುವೆ ಒಬ್ಬರು ನುಸುಳುವಷ್ಟು ಸಂದು ಬಿಡಿಸುತ್ತಿದ್ದಳು. ಅದು ಸಲಾಮಿಸ್ ಜಲಸಂಧಿ. ಬ್ಯಾಗು ಹೊತ್ತವರು ಪರ್ಷಿಯಾದ ಹಡಗುಗಳು, ಬರಿಗೈಯವರು ಗ್ರೀಕರು. ಬ್ಯಾಗಿನವರೇ ಹೆಚ್ಚು. ಮೇಜಿನ ಮೇಲೆ ಕುರ್ಚಿ ಇಟ್ಟು ಒಬ್ಬನನ್ನು ಕೂರಿಸಿದರೆ ಅವನು ಪರ್ಷಿಯಾದ ದೊರೆ ಕ್ಸರ್ಕ್ಸಿಸ್, ಗುಡ್ಡದ ಮೇಲೆ ಕೂತು ಯುದ್ಧ ನೋಡಿದವನು. ಅವನು "ಯುದ್ಧ!" ಎಂದದ್ದೇ ತಡ, ಬ್ಯಾಗಿನವರೆಲ್ಲ ಒಟ್ಟಿಗೇ ಸಂದಿಗೆ ನುಗ್ಗಿ ಸಿಕ್ಕಿಬೀಳುತ್ತಿದ್ದರು. ಆಗ ಇವಳು "ನಿಲ್ಲಿ!" ಎಂದು ಒಂದು ಕೂಗು ಹಾಕಿದರೆ ಇಡೀ ತರಗತಿ ಗಪ್‌ಚಿಪ್. ಈ ಕಡೆ ನನ್ನ ಕೈಯ ಸೀಮೆಸುಣ್ಣವೂ ನಿಲ್ಲುತ್ತಿತ್ತು.

"ಈಗ ಹೇಳಿ, ಅಷ್ಟೊಂದು ಜನ ಇದ್ದೂ ಯಾಕೆ ಸೋತ್ರಿ?"

ಆ ದೊರೆಯ ಕಡೆ ಆರ್ಟಿಮೀಸಿಯಾ ಎಂಬ ರಾಣಿಯೊಬ್ಬಳಿದ್ದಳು. ತನ್ನ ಹಡಗುಗಳ ಜೊತೆ ತಾನೇ ಯುದ್ಧಕ್ಕೆ ಬಂದವಳು. ಸಲಾಮಿಸ್‌ನಲ್ಲಿ ಕಾದಾಡುವುದು ಬೇಡ ಎಂದು ದೊರೆಗೆ ಹೇಳಿದವಳು ಅವಳೊಬ್ಬಳೇ. ದೊರೆ ಅವಳನ್ನು ಮೆಚ್ಚಿಕೊಂಡ, ಆದರೆ ಉಳಿದವರು ಹೇಳಿದಂತೆ ಮಾಡಿದ. ಈ ಪಾತ್ರವನ್ನು ನನ್ನ ಹೆಂಡತಿ ಯಾರಿಗೂ ಬಿಟ್ಟುಕೊಟ್ಟವಳಲ್ಲ. ಮನೆಯಲ್ಲಿ ನಾನು ಅವಳ ಮಾತು ತಳ್ಳಿಹಾಕಿದರೂ "ಆಯ್ತು ಕ್ಸರ್ಕ್ಸಿಸ್ ದೊರೆಗಳೇ, ನಿಮ್ಮಿಷ್ಟ" ಎನ್ನುವುದು ಅವಳ ಅಭ್ಯಾಸ.

ಕಳೆದ ವರ್ಷ ಅವಳ ಗಂಟಲಲ್ಲಿ ಗಂಟು ಬೆಳೆದು ಆಪರೇಷನ್ ಆಯಿತು. ಜೀವಕ್ಕೇನೂ ತೊಂದರೆ ಇರಲಿಲ್ಲ, ಆದರೆ ದನಿ ಹೋಯಿತು. ಉಳಿದದ್ದು ಪಿಸುಮಾತು ಅಷ್ಟೇ, ಅದೂ ಗೊರಗೊರ. "ಇನ್ನು ಇಷ್ಟೇ ಬರೋದು, ಒತ್ತಿ ಮಾತಾಡ್ಬೇಡಿ" ಎಂದರು ಡಾಕ್ಟರು.

ಹೆಡ್‌ಮಾಸ್ಟರು ಒಳ್ಳೆಯವರು. ಹೇಳಲಾರದೆ ಹೇಳಿದರು. "ಮೇಡಂ, ನೀವು ಲೈಬ್ರರಿ ನೋಡ್ಕೊಳ್ಳಿ. ಅಷ್ಟು ಮಕ್ಕಳನ್ನ ಈ ದನೀಲಿ ಹಿಡಿಯೋಕಾಗಲ್ಲ."

"ಒಂದು ಪಾಠ ಮಾಡ್ತೀನಿ ಸಾರ್. ನೀವೇ ಬಂದು ನೋಡಿ. ಆಮೇಲೆ ನೀವು ಹೇಳಿದ ಹಾಗೆ" ಎಂದಳು ಇವಳು.

ಹಿಂದಿನ ಸಂಜೆ ಅಡುಗೆಮನೆಯಲ್ಲಿ ನಿಂತು "ನಿಲ್ಲಿ" ಎಂಬ ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿ ನೋಡಿದಳು. ನಲ್ಲಿಯ ನೀರಿನ ಸದ್ದನ್ನೂ ಅದು ದಾಟಲಿಲ್ಲ.

"ರೀ, ಅಲ್ಲಿಗೆ ಕೇಳಿಸ್ತಾ?"

"ಚೆನ್ನಾಗೇ ಕೇಳಿಸ್ತು ಕಣೇ."

"ನೆಟ್ಟಗೆ ಒಂದು ಸುಳ್ಳು ಹೇಳೋಕೂ ಬರಲ್ಲ ನಿಮಗೆ" ಎಂದು ನಲ್ಲಿ ನಿಲ್ಲಿಸಿದಳು.

ಮರುದಿನ ನನ್ನ ತರಗತಿಗೆ ಒಂದು ದೊಡ್ಡ ಲೆಕ್ಕ ಕೊಟ್ಟು ಅವಳ ಕಿಟಕಿಯ ಹತ್ತಿರ ಹೋಗಿ ನಿಂತೆ. ಹೆಡ್‌ಮಾಸ್ಟರು ಕೊನೆಯ ಬೆಂಚಿನಲ್ಲಿ ಕೂತಿದ್ದರು. ಮಿಸ್ ಬಂದ ಖುಷಿಗೆ ಮಕ್ಕಳು ಬೀರು ಎಳೆದದ್ದೂ ಆಯಿತು, ಬ್ಯಾಗು ಹೊತ್ತದ್ದೂ ಆಯಿತು. ತರಗತಿಯೋ ಮೀನು ಮಾರುಕಟ್ಟೆ. ದೊರೆಯೇ ಇನ್ನೂ ಕುರ್ಚಿ ಏರಿಲ್ಲ, ಪರ್ಷಿಯನ್ನರು ಆಗಲೇ ಸಂದಿಗೆ ನುಗ್ಗುತ್ತಿದ್ದಾರೆ. ಇವಳು ಬಾಯಿ ತೆರೆದಳು. ತುಟಿ ಆಡಿದ್ದು ಕಂಡಿತು, ದನಿ ಬರಲಿಲ್ಲ. ಹೆಡ್‌ಮಾಸ್ಟರು ನೆಲ ನೋಡತೊಡಗಿದರು. ನಾನೇ ಕೂಗಿಬಿಡಲೇ ಅನಿಸಿತು. ಕೂಗಿದ್ದರೆ ಅವಳು ಈ ಜನ್ಮದಲ್ಲಿ ನನ್ನನ್ನು ಕ್ಷಮಿಸುತ್ತಿರಲಿಲ್ಲ.

ಅವಳು ಸೆರಗು ಬಿಗಿದುಕೊಂಡು ನೇರ ಕೊನೆಯ ಬೆಂಚಿಗೆ ನಡೆದಳು. ಹೆಡ್‌ಮಾಸ್ಟರಿಗೆ ಮೇಜಿನ ಮೇಲಿನ ಕುರ್ಚಿ ತೋರಿಸಿ, ಏಳಿ ಎಂದು ಕೈಮಾಡಿದಳು. ಅವರು "ನಾನಾ?" ಎಂದರು. ಆಮೇಲೆ ಪ್ಯಾಂಟು ಮೇಲೆಳೆದುಕೊಂಡು ಹತ್ತಿಯೇಬಿಟ್ಟರು. ಮಕ್ಕಳು ಬಾಯಿಬಿಟ್ಟುಕೊಂಡು ನೋಡಿದರು. ಇವಳು ಪಕ್ಕದ ಬೆಂಚು ಹತ್ತಿ ನಿಂತು ದೊರೆಯ ಕಿವಿಯಲ್ಲಿ ಏನೋ ಹೇಳಿದಳು.

"ಏನಂತೋ?"

"ಸುಮ್ನಿರೋ, ಕೇಳಿಸ್ತಿಲ್ಲ!"

ಒಬ್ಬರು ಇನ್ನೊಬ್ಬರನ್ನು ಸುಮ್ಮನಾಗಿಸುತ್ತ ಇಡೀ ತರಗತಿ ಸುಮ್ಮನಾಯಿತು. ಆಗ ಅವಳ ಮಾತು ಕಿಟಕಿಯ ಹೊರಗಿದ್ದ ನನ್ನವರೆಗೂ ಬಂತು.

"ದೊರೆ, ಹಡಗುಗಳನ್ನ ಉಳಿಸ್ಕೊಳ್ಳಿ. ಸಮುದ್ರದ ಮೇಲೆ ಗ್ರೀಕರ ಜೊತೆ ಕಾದಾಡೋದು ಬೇಡ. ಅವಸರ ಮಾಡದೆ ಇಲ್ಲೇ ಇದ್ರೆ ಅವರಾಗಿಯೇ ಚದುರಿ ಹೋಗ್ತಾರೆ."

ಹೆಡ್‌ಮಾಸ್ಟರು ಮಾತಿಗೆ ಸೋತುಹೋಗಿದ್ದರು. "ಸರಿ ತಾಯಿ, ಹಾಗೇ ಆಗ್ಲಿ. ಯುದ್ಧ ಬೇಡ" ಎಂದುಬಿಟ್ಟರು.

"ಅಯ್ಯೋ ಸಾರ್! ನೀವು ಹಾಗನ್ನಬಾರದು! ಅವರ ಮಾತು ತಳ್ಳಿಹಾಕ್ಬೇಕು!"

"ಇಷ್ಟು ಸರಿಯಾಗಿ ಹೇಳ್ತಿದ್ದಾರಲ್ಲಪ್ಪ, ಹೇಗೆ ತಳ್ಳಿಹಾಕೋದು?"

"ಚರಿತ್ರೆನೇ ಹಾಳಾಗತ್ತೆ ಸಾರ್!" ಎಂದು ದೊಡ್ಡ ಬ್ಯಾಗಿನ ಹುಡುಗಿಯೊಬ್ಬಳು ಅಳುವಂತಾದಳು.

ನನ್ನ ಹೆಂಡತಿ ನಕ್ಕಳು. ಸದ್ದಿಲ್ಲ, ಭುಜ ಮಾತ್ರ ಕುಣಿಯುತ್ತಿತ್ತು. ಆಪರೇಷನ್ ಆದಮೇಲೆ ಅವಳು ಹಾಗೆ ನಕ್ಕದ್ದನ್ನು ಅಂದೇ ನೋಡಿದ್ದು. ಅವಳು ಬೆರಳೆತ್ತಿದಳು, ಎಲ್ಲರೂ ಸುಮ್ಮನಾದರು. ಹೆಡ್‌ಮಾಸ್ಟರು ಒಲ್ಲದ ಮನಸ್ಸಿನಿಂದ "ಯುದ್ಧ!" ಎಂದರು. ಬ್ಯಾಗಿನವರು ನುಗ್ಗಿ ಸಂದಿಯಲ್ಲಿ ಸಿಕ್ಕಿಬಿದ್ದರು. ಅವಳು ತುಟಿ ಆಡಿಸಿದ್ದೇ ಸಾಕು, ಸಿಕ್ಕಿಕೊಂಡವರು ಸಿಕ್ಕಿಕೊಂಡಲ್ಲೇ ನಿಂತು ಅವಳತ್ತ ಕಿವಿಕೊಟ್ಟರು.

ಕುರ್ಚಿಯಿಂದ ಇಳಿಯುವಾಗ ಹೆಡ್‌ಮಾಸ್ಟರು ಲೈಬ್ರರಿಯ ಮಾತೆತ್ತಲಿಲ್ಲ. "ಮುಂದಿನ ಪಾಠ ಯಾವಾಗ ಮೇಡಂ?" ಎಂದು ಕೇಳಿದರು.

ಈಗ ನನ್ನ ಗೋಡೆ ತಣ್ಣಗಿದೆ. ನನ್ನ ಮಕ್ಕಳು ಎಕ್ಸ್ ಬೆಲೆಯನ್ನು ಸರಿಯಾಗಿಯೇ ಹೇಳುತ್ತಾರೆ. ನನಗೆ ಮಾತ್ರ ಒಂಚೂರೂ ಸರಿಬರುವುದಿಲ್ಲ. ಆ ಗದ್ದಲವಿಲ್ಲದೆ ನನ್ನ ಪಾಠ ನನಗೇ ಸಪ್ಪೆ. ಅದಕ್ಕೇ ಬೇಗ ಬೇಗ ಲೆಕ್ಕ ಮುಗಿಸಿ ಅವಳ ಕಿಟಕಿಗೆ ಹೋಗುತ್ತೇನೆ. ಕಂಡರೆ, ಕೆಲಸ ಇಲ್ಲವಾ ನಿಮಗೆ ಎಂದು ಕಣ್ಣಲ್ಲೇ ಗದರುತ್ತಾಳೆ. ಒಳಗೆ ಇಡೀ ತರಗತಿ ಮುಂದಕ್ಕೆ ಬಾಗಿ ಕೂತಿರುತ್ತದೆ. ಹೊರಗೆ ನಾನೂ ಬಾಗಿ ನಿಂತಿರುತ್ತೇನೆ.