ನೀಲಿ ಕಂಬಳಿಯ ಹಳೆಯ ಬೆಲೆ

ಗದ್ವಾಲದಲ್ಲಿರುವ ನನ್ನ ಅಕ್ಕ ಮೆಟ್ಟಿಲ ಮೇಲೆ ಜಾರಿ ಕಾಲು ಮುರಿದುಕೊಂಡಾಗ ನಾನೇ ಅವಳ ಫೋನಿಗೆ ಒಂದು ಆನ್‌ಲೈನ್ ಆಟ ಹಾಕಿಕೊಟ್ಟೆ. ದಿನವಿಡೀ ಬ್ಲೌಸ್ ಹೊಲಿಯುತ್ತಿದ್ದವಳು, ಮಂಚದ ಮೇಲೆ ಸುಮ್ಮನೆ ಬಿದ್ದಿರುವುದು ಅವಳಿಂದಾಗದು. ಆ ಆಟದಲ್ಲೊಂದು ಊರು, ಊರಿಗೊಂದು ಸಂತೆ. ಆಡುವವರು ಕತ್ತಿ, ಔಷಧಿ, ಬಟ್ಟೆ ಏನಾದರೊಂದು ತಯಾರಿಸಿ ಅಲ್ಲಿ ಮಾರಬೇಕು. ಬರುವ ನಾಣ್ಯವೂ ಆಟದೊಳಗಿನದೇ. ಅಕ್ಕ ನೀಲಿ ಕಂಬಳಿ ನೇಯತೊಡಗಿದಳು. ಬಣ್ಣ ಚೆನ್ನಾಗಿದೆ ಅನ್ನುವುದೊಂದೇ ಕಾರಣ.

ಮೊದಲ ವಾರ ಒಂದೂ ಹೋಗಲಿಲ್ಲ. ಆಮೇಲೆ ಹೋಗತೊಡಗಿದವು, ಅದೂ ಅವಳಿಟ್ಟ ಬೆಲೆಗೆ. ನಾನು ನಾರಾಯಣಪೇಟೆಯಿಂದ ಫೋನ್ ಮಾಡಿದರೆ ಕಾಲುನೋವಿನ ಮಾತು ಕಡಿಮೆಯಾಗಿ ಕಂಬಳಿಯ ಮಾತೇ ಹೆಚ್ಚಾಯಿತು. ಯಾವ ಹೊತ್ತಿಗೆ ಮಾರಾಟಕ್ಕಿಡಬೇಕು, ಯಾವಾಗ ಬೆಲೆ ಏರಿಸಬೇಕು ಎಂದೆಲ್ಲ ನನಗೆ ಪಾಠ ಹೇಳುತ್ತಿದ್ದಳು. ಭಾವನವರದು ಪಂಪ್‌ಸೆಟ್ ಮೋಟರ್ ರಿಪೇರಿ ಅಂಗಡಿ. ಫೋನು ನೋಡಿ ಕಣ್ಣು ಕೆಡಿಸಿಕೊಳ್ಳಬೇಡ ಅನ್ನುವುದು ಬಿಟ್ಟರೆ ಅವರು ಆಟದ ಸುದ್ದಿ ಎತ್ತುತ್ತಿರಲಿಲ್ಲ.

ಕಾಲು ಕೂಡಿ ಅಕ್ಕ ಓಡಾಡತೊಡಗಿದ ಮೇಲೆ, ಹಳೆಯ ಬೆಲೆಗಳು ಬೇಕು ಅಂದಳು. ಆಟದ ಗೆಳತಿಯರಿಗೆ ತನ್ನ ವ್ಯಾಪಾರದ ರೀತಿ ತಿಳಿಸಿಕೊಡುವ ಆಸೆ ಅವಳಿಗೆ. ಸಂತೆ ತೋರಿಸುವುದು ಅಂದಿನ ಬೆಲೆ ಮಾತ್ರ. ಹಿಂದಿನ ಮಾರಾಟಗಳ ದಾಖಲೆ ಎಲ್ಲರಿಗೂ ಸಿಗುವಂತಿದ್ದರೂ ಅದು ಬರೀ ಅಂಕಿಗಳ ರಾಶಿ. ನಾನು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವವಳು. ವಸ್ತುವಿನ ಹೆಸರು, ತಾರೀಖು ಕೊಟ್ಟರೆ ಆ ದಿನದ ಬೆಲೆಯನ್ನೂ ಕೊಂಡವರ ಆಟದ ಹೆಸರನ್ನೂ ತೋರಿಸುವ ಸಣ್ಣದೊಂದು ಪ್ರೋಗ್ರಾಂ ಬರೆದೆ. ಪರೀಕ್ಷೆಗೆಂದು ಮೊದಲು ಕೇಳಿದ್ದು ನೀಲಿ ಕಂಬಳಿಯನ್ನೇ.

ಬೇರೆಯವರ ಕಂಬಳಿ ನಾಲ್ಕು ನಾಣ್ಯಕ್ಕೆ ಹೋಗಿದ್ದರೆ ಅಕ್ಕನದು ನಲವತ್ತಕ್ಕೆ ಹೋಗಿತ್ತು. ಕೊಂಡವರು ಪ್ರತಿಸಲವೂ ಒಬ್ಬರೇ. ಹೆಸರಿನ ಜಾಗದಲ್ಲಿ ಎರಡು ಅಕ್ಷರ, ನಾಲ್ಕು ಅಂಕಿ. ಗದ್ವಾಲದ ಬಸ್‌ಸ್ಟ್ಯಾಂಡಿನಿಂದ ಎಷ್ಟೋ ಸಲ ಭಾವನವರ ಸ್ಕೂಟರಿನಲ್ಲಿ ಮನೆಗೆ ಹೋದವಳು ನಾನು. ಅವು ಆ ಸ್ಕೂಟರಿನ ನಂಬರ್ ಪ್ಲೇಟಿನ ಅಕ್ಷರ, ಅಂಕಿಗಳು.

ಭಾನುವಾರ ಮಕ್ತಲ್‌ನಲ್ಲಿ ಬಸ್ಸು ಬದಲಿಸಿ ಗದ್ವಾಲಕ್ಕೆ ಹೋದೆ. ಮನೆಗೆ ಹೋಗುವ ಮೊದಲು ಅಂಗಡಿಗೆ ಹೋಗಿ ಭಾವನವರಿಗೆ ಲ್ಯಾಪ್‌ಟಾಪ್ ತೋರಿಸಿದೆ. ಅವರು ಕೈಯಲ್ಲಿದ್ದ ತಾಮ್ರದ ತಂತಿ ಕೆಳಗಿಟ್ಟರು.

“ದಿನಾ ಮುಂಜಾನಿ ಫೋನ್ ನೋಡಿ, ಒಂದೂ ಹೋಗಿಲ್ಲ ಅಂತ ಗ್ವಾಡಿ ಕಡಿ ಮಾರಿ ಮಾಡಿ ಮಲಗ್ತಿದ್ಲು. ಮುರಿದ ಕಾಲು ಕೂಡಿಸಾಕ ನನಗ ಬರ್ತಿತ್ತೇನಮ್ಮಾ? ಇದೊಂದು ಬರ್ತಿತ್ತು, ಮಾಡ್ದೆ.”

ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅವರು ಆಟದ ಗಣಿಯಲ್ಲಿ ಕಲ್ಲು ಒಡೆದು ನಾಣ್ಯ ಗಳಿಸುತ್ತಿದ್ದರಂತೆ. ಅಕ್ಕನಿಗೆ ಹೇಳಬೇಡ ಅಂದರು. ನಾನು ಅಲ್ಲೇ ಕೂತು, ಪ್ರೋಗ್ರಾಂನಲ್ಲಿ ಕೊಂಡವರ ಹೆಸರು ಕಾಣದಂತೆ ಮಾಡಿದೆ.

ಮನೆಯಲ್ಲಿ ಅಕ್ಕ ಆಸೆಯಿಂದ ಪಕ್ಕಕ್ಕೆ ಬಂದು ಕೂತಳು. ಬೆಲೆಗಳ ಸಾಲನ್ನು ಎರಡು ಸಲ ಓದಿದಳು. ತನ್ನದಷ್ಟೇ ಯಾಕೆ ನಲವತ್ತು ಎಂದು ಕೇಳಿದಳು. ಕೊಂಡವರು ಯಾರೆಂದು ಇದರಲ್ಲಿ ಬರುವುದಿಲ್ಲವೇ ಎಂದು ಕೇಳಿದಾಗ ಸುಳ್ಳು ಹೇಳಲು ಬಾಯಿ ಬರಲಿಲ್ಲ. ಹೆಸರುಗಳನ್ನು ಮತ್ತೆ ತೋರಿಸಿದೆ. ಅವಳು ಓದಿದಳು, ಎದ್ದು ಹೋಗಿ ರೊಟ್ಟಿ ಬಡಿಯತೊಡಗಿದಳು. ಭಾವನವರು ಊಟಕ್ಕೆ ಬಂದಾಗ ತಾಟು ಇಟ್ಟು ಹೇಳಿದಳು:

“ನನಗ ಮಾರಾಕ ಬಂತು ಅನ್ಕೊಂಡಿದ್ದೆ. ಊರ ಮಂದಿಗೆಲ್ಲ ಹೇಳ್ಕೊಂಡ ತಿರುಗಿದೆ. ನೀವು ಒಂದ್ ಮಾತು ಹೇಳಬೇಕಿತ್ತು ರೀ.”

“ಹೇಳಬೇಕಿತ್ತು,” ಅಂದರು ಭಾವ. ಬೇರೆ ಸಮಜಾಯಿಷಿ ಕೊಡಲಿಲ್ಲ. ಸಂಜೆಯ ಬಸ್ಸಿನಲ್ಲಿ ಕೂತಾಗ, ಈ ಪ್ರೋಗ್ರಾಂ ಬರೆಯದೇ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಅಕ್ಕ ಎರಡು ವಾರ ಆಟ ಮುಟ್ಟಲಿಲ್ಲ. ಆಮೇಲೆ ಒಂದು ದಿನ ಫೋನ್ ಮಾಡಿ, ಆ ಹಳೆಯ ಬೆಲೆ ತೋರಿಸುವುದನ್ನು ತನ್ನ ಫೋನಿಗೇ ಹಾಕಿಕೊಡು ಅಂದಳು. ಹೊಲಿಗೆ ಮುಗಿಸಿ ದಿನಾ ಒಂದೊಂದೇ ವಸ್ತುವಿನ ಬೆಲೆ ನೋಡಿದಳು. ವಾರದ ಕೊನೆಗೆ ಆಡುವ ಮಂದಿ ಗುಂಪುಗೂಡಿ ಆಟದ ಕತ್ತಲೆ ಗುಹೆಗಳಿಗೆ ಹೋಗುತ್ತಾರೆ, ಆಗ ದೀವಟಿಗೆಯ ಬೆಲೆ ಏರುತ್ತದೆ ಎಂದು ತಾನೇ ಕಂಡುಕೊಂಡಳು. ಹನ್ನೊಂದು ದೀವಟಿಗೆ ಮಾಡಿ ಒಂದೊಂದಕ್ಕೆ ಆರು ನಾಣ್ಯ ಇಟ್ಟಳು. ಶನಿವಾರ ಮಧ್ಯಾಹ್ನದೊಳಗೆ ಅಷ್ಟೂ ಹೋದವು. ಕೊಂಡವರ ಹೆಸರುಗಳ ಪಟ್ಟಿಯನ್ನೇ ನನಗೆ ಕಳಿಸಿದಳು. ಎಲ್ಲರೂ ಗುರುತಿಲ್ಲದವರು.

ಆಮೇಲೆ ಫೋನ್ ಮಾಡಿದಾಗ ಅವಳ ದನಿಯಲ್ಲಿ ಹಳೆಯ ಸಡಗರ ಇರಲಿಲ್ಲ, ಆದರೆ ಗಟ್ಟಿತನವಿತ್ತು. “ನಿಮ್ಮ ಭಾವನವರಿಗೆ ಹೇಳೀನಿ. ಆಡ್ರಿ, ಆದರ ನನ್ನ ಹತ್ರ ಏನೂ ಕೊಳ್ಳಂಗಿಲ್ಲ ಅಂತ.”

ಭಾವ ಒಪ್ಪಿದ್ದಾರೆ. ಈಗ ಗಣಿಯ ಕಲ್ಲನ್ನು ಸಂತೆಯಲ್ಲಿ ತಾವೇ ಮಾರುತ್ತಾರೆ. ಬೆಲೆ ಎಷ್ಟಿಡಬೇಕೆಂದು ಊಟಕ್ಕೆ ಕೂತಾಗ ಅಕ್ಕನನ್ನು ಕೇಳುತ್ತಾರೆ, ಅವಳು ನೋಡಿ ಹೇಳುತ್ತಾಳೆ.