ಗೋ, ವೆಂಟ್, ಗಾನ್ ಮತ್ತು ನಿಂಗಮ್ಮ

ನಮ್ಮ ಮನೆಯಲ್ಲಿ ತನ್ನ ಜಾಗ ಬಿಟ್ಟು ಬೇರೆಡೆ ಕೂತಿರುವುದು ಒಂದೇ ಒಂದು. ಉಳಿದಂತೆ ಚಪ್ಪಲಿಗಳು ಬಾಗಿಲಿನ ಎಡಕ್ಕೆ, ಮೂತಿ ಬೀದಿಯ ಕಡೆಗೆ, ಛತ್ರಿ ಗೂಟದಲ್ಲಿ, ಲವಂಗದ ಡಬ್ಬಿಯಲ್ಲಿ ಲವಂಗವೇ. ಕರೆಂಟು ಕೈಕೊಟ್ಟಾಗ ಕತ್ತಲಲ್ಲಿ ಕೈ ಚಾಚಿದರೆ ಬೆಂಕಿಪೊಟ್ಟಣ ತಾನಾಗಿ ಸಿಗುತ್ತದೆ. “ನಿಮ್ಮನೇಲಿ ಇರುವೆ ಮಾತ್ರ ಅಲ್ಲ ಕಣ್ರೀ, ಜಿರಲೆ ಕೂಡ ಸಾಲಾಗೇ ಹೋಗ್ತಾವೆ” ಎಂದು ಪಕ್ಕದ ಮನೆಯಾಕೆ ಹೇಳಿದ್ದನ್ನು ನಾನು ಹೊಗಳಿಕೆಯೆಂದೇ ತೆಗೆದುಕೊಂಡಿದ್ದೇನೆ.

ಜಾಗ ತಪ್ಪಿರುವುದು ಇಂಗ್ಲಿಷಿನ ಒಂದು ಕ್ರಿಯಾಪದ. ನಿವೃತ್ತಿಯಾಗಿ ನಂಜನಗೂಡಿನ ಈ ಮನೆಗೆ ಬಂದ ಮೇಲೂ ಟ್ಯೂಷನ್ ಮಕ್ಕಳ ಕಾಟ ತಪ್ಪಿಲ್ಲ. ಅವರು ಕೂರುವ ಕಿಟಕಿಯ ಪಕ್ಕ, ಹೇಳಿದ ಮಾತು ಕೇಳದ ಇಂಗ್ಲಿಷ್ ಕ್ರಿಯಾಪದಗಳನ್ನೆಲ್ಲ ಅಕ್ಷರಕ್ರಮದಲ್ಲಿ ಬರೆದು ತೂಗುಹಾಕಿದ್ದೇನೆ. ಅದರಲ್ಲಿ ಕ್ಯಾಚ್, ಚೂಸ್ ಆದ ಮೇಲೆ ಬರಬೇಕಾದ ‘ಕಮ್’ ಅಲ್ಲಿಲ್ಲ. ಅದು ಎಷ್ಟೋ ಕೆಳಗೆ, ‘ಗೋ’ ಮತ್ತು ‘ಗ್ರೋ’ ನಡುವೆ, ಭರ್ತಿ ಬಸ್ಸಿನಲ್ಲಿ ಸೀಟು ಹಿಡಿದವರ ಹಾಗೆ ಕೂತಿದೆ. ಹೊಸದಾಗಿ ಸೇರಿದ ಮಕ್ಕಳು ಖುಷಿಯಿಂದ ಎದ್ದು ನಿಂತು, “ಮೇಡಂ, ತಪ್ಪು!” ಎನ್ನುತ್ತಾರೆ. ಟೀಚರ ತಪ್ಪು ಹಿಡಿಯುವುದಕ್ಕಿಂತ ದೊಡ್ಡ ಸಂತೋಷ ಆ ವಯಸ್ಸಿನಲ್ಲಿ ಬೇರೊಂದಿಲ್ಲ. “ತಪ್ಪಲ್ಲ, ಅದನ್ನ ಅಲ್ಲಿ ಕೂರಿಸಿದೋರು ನಿಂಗಮ್ಮ” ಎನ್ನುತ್ತೇನೆ. ನಿಂಗಮ್ಮ ಎಂದರೆ ಯಾರೋ ಸ್ಕೂಲ್ ಇನ್‌ಸ್ಪೆಕ್ಟರ್ ಇರಬೇಕೆಂದು ಅವರು ಸುಮ್ಮನಾಗುತ್ತಾರೆ. ಅವರ ಊಹೆ ತೀರಾ ದೂರದ್ದೇನೂ ಅಲ್ಲ.

ಈ ಕ್ರಿಯಾಪದಗಳು ನನಗೆ ಬಾವಿಕಟ್ಟೆಯಿಂದ ಬಂದ ಆಸ್ತಿ. ಇದೇ ಊರಿನಲ್ಲಿ ಮೇಷ್ಟರಾಗಿದ್ದ ಅಪ್ಪನಿಗೆ ಕೈ ಕೆಲಸದಲ್ಲಿರುವಾಗ ಮಕ್ಕಳ ನಾಲಿಗೆ ಸುಮ್ಮನಿರುವುದು ಸಹ್ಯವಾಗುತ್ತಿರಲಿಲ್ಲ. ಬೆಳಗ್ಗೆ ನಾನು ನೀರು ಸೇದುವಾಗ, ಅವರು ಜಗಲಿಯ ಮೇಲೆ ಕೂತು, ‘ರಾಮಃ ರಾಮೌ ರಾಮಾಃ’ ಎಂದು ತಾವು ಕಲಿತ ಧಾಟಿಯಲ್ಲೇ ನನ್ನಿಂದ ಇಂಗ್ಲಿಷ್ ಹೇಳಿಸುತ್ತಿದ್ದರು. ಕೊಡ ಇಳಿಯುವಾಗ ಗೋ, ನೀರು ಮುಟ್ಟಿದಾಗ ವೆಂಟ್, ತುಂಬಿ ಮೇಲೆ ಬಂದಾಗ ಗಾನ್. ಮೇಲೆ ಬಂದದ್ದಕ್ಕೆ ಗಾನ್ ಎನ್ನುವುದು ವಿಚಿತ್ರವೆಂದು ನನಗೂ ಅನ್ನಿಸುತ್ತಿತ್ತು. ಒಂದು ದಿನ ಹಗ್ಗ ಕಿತ್ತುಹೋಗಿ ಕೊಡ ಬಾವಿಯ ಪಾಲಾದಾಗ ಮಾತ್ರ ಆ ಮಾತು ಸರಿಯಾದ ಜಾಗಕ್ಕೆ ಬಿತ್ತು.

ಹೋಗುವುದು ಎಲ್ಲ ಭಾಷೆಯಲ್ಲೂ ಸರಳವಾದ ಕೆಲಸ. ಆದರೆ ಇಂಗ್ಲಿಷಿನವರು ಅದನ್ನು ಎಷ್ಟು ತೊಡಕು ಮಾಡಿಕೊಂಡಿದ್ದಾರೆ ನೋಡಿ. ಈ ‘ವೆಂಟ್’ ಇದೆಯಲ್ಲ, ಅದು ‘ಗೋ’ ಹೆತ್ತ ಕೂಸೇ ಅಲ್ಲ. ‘ವೆಂಡ್’ ಎಂಬ ಇನ್ನೊಂದು ಕ್ರಿಯಾಪದದ ಮನೆಯಲ್ಲಿ ಹುಟ್ಟಿದ್ದು. ‘ಗೋ’ ತನ್ನ ಹಳೆಯ ಭೂತರೂಪವನ್ನು ಎಲ್ಲೋ ಕಳೆದುಕೊಂಡು, ಇದನ್ನು ಸೊಸೆಯ ಹಾಗೆ ಮನೆ ತುಂಬಿಸಿಕೊಂಡಿತು. ಈಗ ಅವಳಿಲ್ಲದೆ ಆ ಮನೆಯಲ್ಲಿ ನಿನ್ನೆಯ ವಿಷಯ ಒಂದೂ ಹೇಳಲಾಗದು. ಹಾಗೆಂದು ನಾವು ನಗುವ ಹಾಗಿಲ್ಲ. ಬಾ ಎನ್ನುವವನು ‘ಬಂದ’ ಆಗುತ್ತಾನೆ, ಏಳು ಎನ್ನುವವನು ‘ಎದ್ದ’ ಆಗುತ್ತಾನೆ, ಬೀಳು ಎನ್ನುವವನು ‘ಬಿದ್ದ’. ಹುಟ್ಟಿದಾಗಿನಿಂದ ಕೇಳುತ್ತ ಬಂದಿರುವುದರಿಂದ ನಮ್ಮ ಮನೆಯ ಅವ್ಯವಸ್ಥೆ ನಮಗೆ ಕಾಣುವುದಿಲ್ಲ. ನನ್ನ ಮನೆಯನ್ನು ಇಲ್ಲಿ ಲೆಕ್ಕಕ್ಕೆ ಸೇರಿಸಬೇಡಿ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಟಿ. ನರಸೀಪುರದ ಹೈಸ್ಕೂಲಿನಲ್ಲಿ ಟೀಚರಾಗಿದ್ದೆ. ನನ್ನ ಬಾಡಿಗೆ ಮನೆಗೂ ನಿಂಗಮ್ಮನ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ನಿಂಗಮ್ಮನ ಒಬ್ಬನೇ ಮಗ ಮಾದೇವ ಬೊಂಬಾಯಿಗೆ ಲಾರಿ ಓಡಿಸುತ್ತಿದ್ದ. ಸೊಸೆ ಭಾಗ್ಯ ಹೆಡತಲೆ ಊರಿನ ಹುಡುಗಿ, ಚುರುಕು. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷೊಂದನ್ನು ಬಿಟ್ಟು ಎಲ್ಲ ಪಾಸಾಗಿತ್ತು. ಅದೊಂದು ದಾಟಿದರೆ ಮೈಸೂರಿನಲ್ಲಿ ನರ್ಸ್ ಟ್ರೈನಿಂಗಿಗೆ ಅರ್ಜಿ ಹಾಕಬಹುದಿತ್ತು. ವಯಸ್ಸಿನ ಮಿತಿ ಹತ್ತಿರವಾಗಿದ್ದರಿಂದ ಆ ಅಕ್ಟೋಬರ್ ಪರೀಕ್ಷೆಯೇ ಅವಳ ಕೊನೆಯ ಬಸ್ಸು.

ಅವಳಿಗೆ ಕೂತು ಓದುವ ಪುರುಸೊತ್ತು ಎಲ್ಲಿಂದ ಬರಬೇಕು? ನಾನು ಅಪ್ಪನ ವಿದ್ಯೆಯನ್ನೇ ದಾಟಿಸಿದೆ. ಬಾವಿಯ ಬದಲು ಒರಳುಕಲ್ಲು. ಸಂಜೆ ಸಾರಿಗೆ ಖಾರ ಅರೆಯುವಾಗ ಗುಂಡು ತಿರುಗಿದ ಹಾಗೆಲ್ಲ ಕ್ರಿಯಾಪದ ತಿರುಗಬೇಕು. ಗೋಡೆಯಾಚೆಯಿಂದ ಬ್ರಿಂಗ್ ಬ್ರಾಟ್ ಬ್ರಾಟ್ ಕೇಳಿಸುತ್ತಿತ್ತು. ಕೊತ್ತಂಬರಿ ವಾಸನೆಯ ಜೊತೆಗೆ ಬಂದ ಇಂಗ್ಲಿಷನ್ನು ನಾನು ಅಲ್ಲಿ ಬಿಟ್ಟರೆ ಮತ್ತೆಲ್ಲೂ ಕಂಡಿಲ್ಲ.

ಹೀಗೆ ಅಕ್ಷರಕ್ರಮದಲ್ಲಿ ಸಾಗುತ್ತ ಅವಳು ‘ಗೋ’ಗೆ ಬಂದಳು. ಅದೇ ಸಂಜೆ ಮಾದೇವ ಬೊಂಬಾಯಿಯಿಂದ ಬರಬೇಕಿತ್ತು. ನಿಂಗಮ್ಮ ದೇವರ ಮುಂದೆ ದೀಪ ಹಚ್ಚುತ್ತಿದ್ದರು. ಒರಳಿನ ಕಡೆಯಿಂದ ಒಂದೇ ಸಮ ಗೋ ವೆಂಟ್ ಗಾನ್.

“ಏನವ್ವಾ ಅದು, ಮಂತ್ರ ಯೋಳ್ದಂಗೆ? ಅಂಗಂದ್ರೇನು?” ಎಂದು ನಿಂಗಮ್ಮ ಕೇಳಿದರು.

ಭಾಗ್ಯ ಪಾಠ ಒಪ್ಪಿಸುವ ಉತ್ಸಾಹದಲ್ಲಿ, “ಹೋಗು, ಹೋದ, ಹೋಗ್ಬುಟ್ಟವ್ನೆ ಅಂತ ಅತ್ತೆ” ಎಂದಳು.

ಮಗ ದಾರಿಯಲ್ಲಿದ್ದಾನೆ, ದೀಪ ಹಚ್ಚುವ ಹೊತ್ತು, ಮನೆಯ ಸೊಸೆ ಹೋದ, ಹೋಗ್ಬುಟ್ಟವ್ನೆ ಎಂದು ಖಾರ ಅರೆಯುತ್ತಿದ್ದಾಳೆ! ಅವತ್ತು ಮಾದೇವ ಬರಲಿಲ್ಲ. ಮರುದಿನವೂ ಬರಲಿಲ್ಲ. ಭಾಗ್ಯಳ ಪುಸ್ತಕ ಅಟ್ಟ ಸೇರಿತು. ಗೋಡೆಯಾಚೆ ಒರಳು ಮೂಕವಾಗಿ ತಿರುಗಿತು. ಆಮೇಲೆ ಒಂದು ಬೆಳಗ್ಗೆ ಮಾದೇವ ಮೈಯೆಲ್ಲ ಗ್ರೀಸ್ ಮಾಡಿಕೊಂಡು ನಗುತ್ತ ಬಂದಿಳಿದ. ಹುಬ್ಬಳ್ಳಿಯ ಆಚೆ ಲಾರಿಯ ಆಕ್ಸಲ್ ಮುರಿದಿತ್ತಂತೆ. ಇನ್ನೇನು ಪುಸ್ತಕ ಇಳಿಯುತ್ತದೆ ಎಂದುಕೊಂಡೆ. ಇಳಿಯಲಿಲ್ಲ. ಆಕ್ಸಲ್ ಮುರಿದದ್ದು ಯಾಕೆ ಎಂಬ ಪ್ರಶ್ನೆ ನಿಂಗಮ್ಮನ ಮಟ್ಟಿಗೆ ಇತ್ಯರ್ಥವಾಗಿತ್ತು.

ಪರೀಕ್ಷೆಗೆ ತಿಂಗಳೂ ಇರಲಿಲ್ಲ. ಭಾಗ್ಯ ನೀರಿನ ನಲ್ಲಿಯ ಹತ್ತಿರ ಸಿಕ್ಕಿ, “ನನ್ ಕತೆ ಮುಗೀತು ಮೇಡಂ. ಅತ್ತೆ ಒಪ್ಪದೆ ನಾನು ಪುಸ್ತಕ ಮುಟ್ಟಲ್ಲ. ಇವರು ರೋಡ್ನಲ್ಲಿರೋವಾಗ ಅವರ ಹೊಟ್ಟೆ ಉರ್ಸಿ ಏನ್ ಓದ್ಲಿ?” ಎಂದಳು. ಕಣ್ಣಲ್ಲಿ ನೀರಿತ್ತು, ಕೊಡ ತುಂಬಿ ಚೆಲ್ಲುತ್ತಿದ್ದದ್ದು ಅವಳಿಗೆ ಕಾಣಲಿಲ್ಲ. ನಾನು ನಲ್ಲಿ ನಿಲ್ಲಿಸಿ, ಅದೇ ಸಂಜೆ ನಿಂಗಮ್ಮನ ಜಗಲಿಗೆ ಹೋಗಿ ಕೂತೆ.

ಶಬ್ದಕ್ಕೂ ಆಕ್ಸಲಿಗೂ ಸಂಬಂಧವಿಲ್ಲವೆಂದು ಶಾಲೆಯ ಧ್ವನಿಯಲ್ಲಿ ವಿವರಿಸತೊಡಗಿದೆ. ನಿಂಗಮ್ಮ ಎಲೆ ಅಡಿಕೆ ತಟ್ಟೆ ನನ್ನ ಕಡೆ ಸರಿಸಿ, “ಟೀಚರಮ್ಮೋರೆ, ಮೊನ್ನೆ ನಿಮ್ ಕೈ ಬಳೆ ಒಡೀತಲ್ಲ, ಆಗ ಏನಂದ್ರಿ?” ಎಂದರು.

“ಬಳೆ ಹೆಚ್ಚಿತು ಅಂದೆ.”

“ಯಾಕೆ, ಒಡೀತು ಅನ್ನಾಕೆ ಬಾಯ್ ಬರ್ಲಿಲ್ವಾ?”

ದೀಪ ಆರಿಸು ಎನ್ನದೆ ದೊಡ್ಡದು ಮಾಡು ಎನ್ನುವ ಮನೆಯಲ್ಲಿ ಬೆಳೆದವಳು ನಾನು. ನಮ್ಮಮ್ಮನಂತೂ ಹೊಸಿಲಲ್ಲಿ ನಿಂತು “ಹೋಗ್ತೀನಿ” ಎಂದವರನ್ನು ಕೈಹಿಡಿದು ವಾಪಸ್ ಕರೆದು, ಕೂರಿಸಿ, ನೀರು ಕುಡಿಸಿ, “ಹೋಗಿ ಬರ್ತೀನಿ” ಎಂದು ಹೇಳಿಸಿಯೇ ಬಿಡುತ್ತಿದ್ದಳು. ಒಮ್ಮೆ ನಮ್ಮ ಚಿಕ್ಕಪ್ಪ ಈ ಸತ್ಕಾರದಲ್ಲಿ ಮೈಸೂರಿನ ರೈಲನ್ನೇ ತಪ್ಪಿಸಿಕೊಂಡಿದ್ದರು. ನಾನು ಇಂಥ ಅಮ್ಮನ ಮಗಳು, ನಿಂಗಮ್ಮನಿಗೆ ವಿಜ್ಞಾನ ಹೇಳಲು ಬಂದಿದ್ದೆ.

“ಸರಿ, ನೀವೇ ಹೇಳಿ, ಹೋಗೋದನ್ನ ಬಿಟ್ಟು ಇಂಗ್ಲಿಷ್ ಕಲಿಯೋಕೆ ಆಗಲ್ಲ. ಏನ್ ಮಾಡೋಣ?” ಎಂದೆ.

ನಿಂಗಮ್ಮ ಎಲೆಗೆ ಸುಣ್ಣ ಸವರುತ್ತ ಯೋಚಿಸಿದರು. “ಅವರ ಮಾತಲ್ಲಿ ಬರಾದು ಅಂತ ಇಲ್ವಾ? ಬರೀ ಓಯ್ತಾನೆ ಇರ್ತಾರಾ?”

“ಇದೆಯಲ್ಲ. ಕಮ್, ಕೇಮ್, ಕಮ್. ಭಾಗ್ಯ ಅದನ್ನ ಆಗಲೇ ಕಲಿತಾಯ್ತು.”

“ಆಗ್ಲೇ ಅಂದ್ರೆ? ಓಗಾಕೆ ಮುಂಚೆ ಎಂಗ್ ಬಂದಾರು? ಯಾವ ಸೀಮೆ ಲೆಕ್ಕ ಅದು? ಓದ್ಮೇಲೆ ಬರ್ಬೇಕು ಕಣ್ರೀ! ಓಗಾದ್ನ ಯೋಳ್ಳಿ, ನಂದೇನಿಲ್ಲ. ಆದ್ರೆ ಅದರ ಬೆನ್ನಿಗೇ ಬರಾದ್ನೂ ಯೋಳ್ಬೇಕು. ಯೋಳ್ದೆ ಒರಳು ಬುಟ್ಟು ಏಳಂಗಿಲ್ಲ.”

ಎಷ್ಟೋ ವರ್ಷಗಳಿಂದ ಅಕ್ಷರಕ್ರಮ ತಪ್ಪದೆ ನಡೆದುಬಂದ ನನ್ನ ಪಟ್ಟಿ ಕಣ್ಣ ಮುಂದೆ ಬಂತು. ಚಪ್ಪಲಿ ಬಾಗಿಲಿನ ಬಲಕ್ಕೆ ಹೋದಷ್ಟೇ ಸಂಕಟವಾಯಿತು. ಆದರೂ ಅಲ್ಲೇ ಪುಸ್ತಕ ಇಳಿಸಿಕೊಂಡು, ‘ಕಮ್’ ಮೇಲೆ ಗೀಟು ಎಳೆದು, ‘ಗೋ’ ಕೆಳಗೆ ಬರೆದುಕೊಟ್ಟೆ. ನಿಂಗಮ್ಮ ಓದು ಬಾರದಿದ್ದರೂ ಬಗ್ಗಿ ನೋಡಿ, ಎರಡೂ ಅಕ್ಕಪಕ್ಕ ಇವೆಯೆಂದು ಖಾತ್ರಿ ಮಾಡಿಕೊಂಡರು.

ಮರುದಿನದಿಂದ ನಮ್ಮ ಬೀದಿಯಲ್ಲಿ ಎರಡು ಧ್ವನಿಯ ಇಂಗ್ಲಿಷ್ ಶುರುವಾಯಿತು. ಒರಳಿನ ಬಳಿ ಗೋ ವೆಂಟ್ ಗಾನ್. ಅರೆಗಳಿಗೆ ತಡವಾದರೆ ಒಳಗಿನಿಂದ ನಿಂಗಮ್ಮ, “ಎಲ್ಲವ್ವಾ ಕಮ್ಮು? ಕರ್ಕೊಂಡ್ ಬಾ ಅವನ್ನ!” ಎಂದು ಗದರುವುದು. ಆಗ ಭಾಗ್ಯ ನಗುತ್ತ ಕಮ್ ಕೇಮ್ ಕಮ್. ನಾಲ್ಕು ದಿನ ಕಳೆಯುವುದರೊಳಗೆ ನಿಂಗಮ್ಮ ತಾವೇ ಅದನ್ನು ಮುಗಿಸಿಕೊಡತೊಡಗಿದರು. ಮಾದೇವ ಊರಿಗೆ ಬಂದಾಗ ತಾಯಿ ಬಾಗಿಲಲ್ಲೇ “ಕೇಮು, ಕೇಮು” ಎನ್ನುವುದನ್ನು ಕೇಳಿ, “ಅಮ್ಮಯ್ಯಾ, ನಿಂಗೂ ಹಾಲ್ ಟಿಕೆಟ್ ತಂದುಕೊಡ್ಲಾ?” ಎಂದು ರೇಗಿಸಿದ.

ಇದರಿಂದ ಒಂದು ಲಾಭವಾಯಿತು. ಅತ್ತೆಯೇ ಕಾವಲಿಗೆ ನಿಂತ ಮೇಲೆ ಭಾಗ್ಯಳ ಪಾಠ ಒಂದು ಸಂಜೆಯೂ ತಪ್ಪಲಿಲ್ಲ. ಹೋದದ್ದನ್ನು ವಾಪಸು ತರುವ ಜವಾಬ್ದಾರಿ ಹೊತ್ತವರು ನಿಂಗಮ್ಮ. ಶಿಸ್ತಿನಲ್ಲಿ ನಮ್ಮಪ್ಪನನ್ನೂ ಮೀರಿಸಿದರು. ಪರೀಕ್ಷೆಯಲ್ಲಿ ‘ಗೋ’ ಕೇಳಿದ್ದರಂತೆ. ಭಾಗ್ಯ ಉತ್ತರ ಬರೆದು, ಅಭ್ಯಾಸಬಲದಿಂದ ಕಮ್ ಕೇಮ್ ಕಮ್ ಎಂದು ಗೊಣಗಿದಳಂತೆ. “ಯಾರಮ್ಮಾ ಕರೀತಿರೋದು?” ಎಂದು ಮೇಲ್ವಿಚಾರಕರು ಹತ್ತಿರ ಬಂದು ನಿಂತರಂತೆ.

ಅವಳು ಪಾಸಾದಳು. ಅಂಕ ಎಷ್ಟೆಂದು ಕೇಳಬೇಡಿ, ದಾಟಿದಳು. ಟ್ರೈನಿಂಗಿಗೆ ಸೀಟೂ ಸಿಕ್ಕಿತು.

ಹೊರಡುವ ಬೆಳಗ್ಗೆ ಬಸ್ ಸ್ಟ್ಯಾಂಡಿಗೆ ನಾನೂ ಹೋಗಿದ್ದೆ. ಮಾದೇವ ಟ್ರಂಕನ್ನು ಬಸ್ಸಿನ ಮೇಲೇರಿಸಿ, ತಾನೂ ಜೊತೆಗೆ ಹತ್ತಿದ. ಭಾಗ್ಯ ಕಿಟಕಿಯ ಪಕ್ಕ ಕೂತಳು. ನಿಂಗಮ್ಮ ಕೆಳಗೆ ನಿಂತು ಸೊಸೆಯ ಕೈ ಹಿಡಿದಿದ್ದರು. ಮಗ ದಾರಿಯಲ್ಲಿರುವುದು ಅವರಿಗೆ ರೂಢಿಯಾಗಿತ್ತು, ಸೊಸೆಯೂ ಹೊರಡುವುದು ಹೊಸದು. ಇನ್ನು ಸಂಜೆ ಒರಳಿನ ಮುಂದೆ ಕೂರುವವರು ಅವರೊಬ್ಬರೇ. ಕಂಡಕ್ಟರ್ ಸೀಟಿ ಊದಿದರೂ ಅವರು ಕೈ ಬಿಡಲಿಲ್ಲ. “ಯಜಮಾನಿ, ಬಿಡವ್ವಾ, ಟೈಮಾಯ್ತು” ಎಂದ ಅವನು.

ಸಮಯ ಮೀರುವುದನ್ನು ಸಹಿಸದ ನಾನು ಕೂಡ ಅವತ್ತು ಗಡಿಯಾರ ನೋಡಲಿಲ್ಲ.

ನಿಂಗಮ್ಮ ಕೊನೆಗೆ ಕೈ ಬಿಟ್ಟು, ಬಾಯಲ್ಲಿ ಒಂದು ದಿನವೂ ಆಡದಿದ್ದ ಆ ಮಾತನ್ನು ಗಟ್ಟಿಯಾಗಿ ಆಡಿದರು.

“ಗೋ ಕಣವ್ವಾ. ಗೋ!”

ಆಡಿದವರು ಅಲ್ಲೇ ನಿಂತರು, ಸೊಂಟಕ್ಕೆ ಕೈಕೊಟ್ಟು, ಬಾಕಿ ಪಾಠಕ್ಕೆ ಕಾಯುವ ಟೀಚರ ಹಾಗೆ. ಬಸ್ಸು ಹೊರಟಿತು. ಭಾಗ್ಯ ಕಿಟಕಿಯಿಂದ ತಲೆ ಹೊರಗೆ ಹಾಕಿ, ಬಸ್ ಸ್ಟ್ಯಾಂಡಿನ ಜನವೆಲ್ಲ ತಿರುಗಿ ನೋಡುವಂತೆ, ‘ಕಮ್’ನ ಮೂರೂ ರೂಪಗಳನ್ನು ಒಂದೂ ಬಿಡದೆ ಕೂಗಿ ಹೇಳಿದಳು. ನಿಂಗಮ್ಮ ತಲೆಯಾಡಿಸಿದರು. ಆಮೇಲೆ ನನ್ನ ಕಡೆ ತಿರುಗಿ, “ನಡೀರಿ ಟೀಚರಮ್ಮೋರೆ, ಬತ್ತಾಳೆ” ಎಂದರು.

ಬಂದಳು, ಪ್ರತಿ ರಜೆಗೂ. ಕೆಲಸ ಸಿಕ್ಕ ಮೇಲೆ ಅದೇ ತಾಲ್ಲೂಕಿಗೇ ಬಂದಳು. ನನ್ನ ಪಟ್ಟಿಯನ್ನು ಎಷ್ಟೋ ಸಲ ಹೊಸ ರಟ್ಟಿನ ಮೇಲೆ ಬರೆದಿದ್ದೇನೆ, ಪ್ರತಿ ಸಲವೂ ‘ಕಮ್’ ಅನ್ನು ಅದರ ಹಳೆಯ ಜಾಗಕ್ಕೆ ಕೂರಿಸಲು ಅವಕಾಶವಿತ್ತು. ಕೂರಿಸಿಲ್ಲ. ಟ್ಯೂಷನ್ ಮುಗಿಸಿ ಓಡುವ ಮಕ್ಕಳು “ಹೋಗ್ತೀವಿ ಮೇಡಂ” ಎಂದರೆ, ಆ ಸಾಲಿನ ಕಡೆ ಬೆರಳು ತೋರಿಸಿ ಹೊಸಿಲಲ್ಲೇ ತಡೆಯುತ್ತೇನೆ. ನಗುತ್ತ, ಒಂದು ಕಾಲು ಆಗಲೇ ಬೀದಿಯಲ್ಲಿಟ್ಟು, ಬರುತ್ತೇವೆಂದು ಇಂಗ್ಲಿಷಿನಲ್ಲಿ ಹೇಳಿ ಓಡುತ್ತಾರೆ.