ಯಮನೂರಪ್ಪ ಮಾಸ್ತರರ ಕಂಪ್ಯೂಟರ್

ನಮ್ಮೂರ ಹೈಸ್ಕೂಲಿನ ಯಮನೂರಪ್ಪ ಮಾಸ್ತರರಿಗೆ ಕಂಪ್ಯೂಟರ್ ಎಂದರೆ ಹೊಸ ಮದುವಣಗಿತ್ತಿ. ದೃಷ್ಟಿ ತಾಗೀತೆಂದು ಮಖಮಲ್ಲು ಹೊದಿಸಿ, ಮೇಲೊಂದು ನಿಂಬೆಹಣ್ಣು ಇಟ್ಟಿರುತ್ತಾರೆ. ಮಕ್ಕಳು ಹತ್ತಿರ ಸುಳಿದರೆ "ಮುಟ್ಟಬ್ಯಾಡ್ರಲೇ, ಕೆಟ್ರ ನಿಮ್ಮಪ್ಪ ರಿಪೇರಿ ಮಾಡ್ತಾನೇನು?" ಎಂದು ಗದರುತ್ತಾರೆ. ಕಂಪ್ಯೂಟರಿನಲ್ಲಿ ಪತ್ರ, ಪಟ್ಟಿ ಟೈಪು ಮಾಡುವ ಜಿಲ್ಲಾ ಸ್ಪರ್ಧೆಗೆ ತಯಾರಿ ನಡೆಯುವುದು ನೆಲದ ಪರಸಿ ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಬರೆದ ಕೀಬೋರ್ಡಿನಲ್ಲಿ. "ಬೆರಳು ಕಲಿತ್ರ ಸಾಕು, ಮಿಷನ್ ತಾನ ಮಾತು ಕೇಳ್ತೈತಿ!" ಎನ್ನುವುದು ಮಾಸ್ತರರ ವಾದ. ಕುರಿಗಾರರ ನೇತ್ರಾವತಿಯಂತೂ ಆ ಕಲ್ಲನ್ನು ರೊಟ್ಟಿ ಬಡಿದಂತೆ ಪಟಪಟ ಬಡಿಯುತ್ತಿದ್ದಳು, ಬಹುಮಾನ ನಮ್ಮದೇ ಎಂದು ಮಾಸ್ತರರು ಊರಿಗೆಲ್ಲ ಸಾರಿದ್ದರು. ಕೊಪ್ಪಳದಲ್ಲಿ ಸ್ಪರ್ಧೆಯ ಗಂಟೆ ಹೊಡೆಯಿತು. ಉಳಿದವರೆಲ್ಲ ಟೈಪು ಮಾಡತೊಡಗಿದರೂ ಅವಳು ಚಪ್ಪಲಿ ಬಿಟ್ಟು, ಕೈಕಟ್ಟಿ ಕುಳಿತು, ಬಾಗಿಲಲ್ಲಿ ನಿಂತ ಮಾಸ್ತರರತ್ತ ತಿರುಗಿ ಕೇಳಿದಳು: "ಸರ್, ಮುಟ್ಲೇನ್ರಿ?" "ಮುಟ್ಟವ್ವಾ, ಮುಟ್ಟು" ಎಂದರು ಮಾಸ್ತರರು.